ರೋಗಗಳಿಗೆ ಲೆಕ್ಕದ ಭಾಷೆ ಕೊಟ್ಟ ವಿಲಿಯಂ ಫಾರ್

ಪ್ರತಿವರ್ಷ ಅಕ್ಟೋಬರ್ 1 ಸಮೀಪಿಸುತ್ತಿದ್ದಂತೆ ಅಮೆರಿಕದ ಆಸ್ಪತ್ರೆಗಳ ದಾಖಲೆ ವಿಭಾಗಗಳಲ್ಲಿಯೂ ಆ ಆಸ್ಪತ್ರೆಗಳ ಕೆಲಸವನ್ನು ವಹಿಸಿಕೊಂಡಿರುವ ಬೆಂಗಳೂರಿನ ಕಚೇರಿಗಳಲ್ಲಿಯೂ ವಿಶೇಷ ಗಡಿಬಿಡಿ ಆರಂಭವಾಗುತ್ತದೆ. ರೋಗನಿರ್ಣಯಕ್ಕೆ ನೀಡುವ ಸಂಕೇತಗಳ ಹೊಸ ಪಟ್ಟಿ ಅಂದಿನಿಂದ ಜಾರಿಗೆ ಬರುತ್ತದೆ. ಕೆಲವು ಕೋಡ್‌ಗಳು ಹೊಸದಾಗಿ ಸೇರುತ್ತವೆ, ಕೆಲವು ರದ್ದಾಗುತ್ತವೆ, ಇನ್ನು ಕೆಲವುಗಳ ವಿವರಣೆ ಬದಲಾಗುತ್ತದೆ. ಸೆಪ್ಟೆಂಬರ್ 30ರಂದು ಆಸ್ಪತ್ರೆಯಿಂದ ಬಿಡುಗಡೆಯಾದ ರೋಗಿಗೆ ಹಳೆಯ ಪಟ್ಟಿ ಅನ್ವಯಿಸಿದರೆ, ಮರುದಿನ ಬಿಡುಗಡೆಯಾದವರಿಗೆ ಹೊಸದು. ಸಂಕೇತ ತಪ್ಪಿದರೆ ವಿಮೆಯ ಹಣ ನಿಲ್ಲುತ್ತದೆ. ಆದುದರಿಂದ ಕೋಡಿಂಗ್ ಉದ್ಯೋಗಿಗಳು ವರ್ಷಕ್ಕೊಮ್ಮೆ ಮತ್ತೆ ವಿದ್ಯಾರ್ಥಿಗಳಾಗಬೇಕಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಏಪ್ರಿಲ್ 1ರಂದು ಮತ್ತೊಂದು ಕಂತಿನ ಬದಲಾವಣೆಯೂ ಸೇರಿಕೊಂಡಿದೆ.

ರೋಗಗಳ ಪಟ್ಟಿ ಏಕೆ ಹೀಗೆ ಬದಲಾಗುತ್ತಲೇ ಇರಬೇಕು? ಒಮ್ಮೆ ಸರಿಯಾಗಿ ಬರೆದಿಟ್ಟರೆ ಸಾಲದೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟವರು ಹತ್ತೊಂಬತ್ತನೆಯ ಶತಮಾನದ ಲಂಡನ್ ನಗರದ ಒಂದು ಸರಕಾರಿ ಕಚೇರಿಯನ್ನು ತಲುಪುತ್ತಾರೆ. ಅಲ್ಲಿ ಸುಮಾರು ನಾಲ್ಕು ದಶಕಗಳ ಕಾಲ ಕುಳಿತು, ಇಂಗ್ಲೆಂಡ್ ಮತ್ತು ವೇಲ್ಸ್‌ನ ಲಕ್ಷಾಂತರ ಸಾವುಗಳನ್ನು ಕಾರಣವಾರು ವಿಂಗಡಿಸಿದವರು ಡಾ. ವಿಲಿಯಂ ಫಾರ್. ಇಂದಿನ ಅಂತಾರಾಷ್ಟ್ರೀಯ ರೋಗ ವರ್ಗೀಕರಣದ, ಅಂದರೆ ಐಸಿಡಿಯ, ಮೂಲ ವಿನ್ಯಾಸಕ್ಕೆ ಅವರ ಪಟ್ಟಿಗಳೇ ಆಧಾರ.

ಬಡ ಕುಟುಂಬದ ಬಾಲಕ

ಫಾರ್ ಜನಿಸಿದ್ದು 1807ರ ನವೆಂಬರ್ 30ರಂದು, ಇಂಗ್ಲೆಂಡಿನ ಶ್ರಾಪ್‌ಶೈರ್ ಪ್ರಾಂತದ ಕೆನ್ಲಿ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆತಾಯಿಗಳು ಬಡವರು. ಮಗುವಾಗಿದ್ದಾಗಲೇ ಅವರ ಪಾಲನೆಯ ಹೊಣೆ ಡಾರಿಂಗ್ಟನ್ ಊರಿನ ಜೋಸೆಫ್ ಪ್ರೈಸ್ ಎಂಬ ಉದಾರ ಹಿರಿಯರಿಗೆ ಬಂದಿತು. ಬಾಲಕನ ಓದಿನ ಹಂಬಲವನ್ನು ಕಂಡ ಅವರು ಅದಕ್ಕೆ ಬೇಕಾದ ಅನುಕೂಲಗಳನ್ನು ಒದಗಿಸಿದರು. ತರುಣ ಫಾರ್ ಶ್ರೂಸ್‌ಬರಿಯ ಆಸ್ಪತ್ರೆಯಲ್ಲಿ ಗಾಯಗಳಿಗೆ ಪಟ್ಟಿ ಕಟ್ಟುವ ಸಹಾಯಕನಾಗಿ ವೈದ್ಯಕೀಯದ ಮೊದಲ ಪಾಠಗಳನ್ನು ಕಲಿತರು.

1828ರಲ್ಲಿ ಪ್ರೈಸ್ ತೀರಿಕೊಂಡಾಗ ಫಾರ್ ಹೆಸರಿಗೆ 500 ಪೌಂಡುಗಳನ್ನು ಬಿಟ್ಟುಹೋಗಿದ್ದರು. ಆ ಹಣ ಫಾರ್ ಅವರನ್ನು ಪ್ಯಾರಿಸ್‌ಗೆ ಕರೆದೊಯ್ದಿತು. ಅಂದಿನ ಪ್ಯಾರಿಸ್ ವೈದ್ಯವಿಜ್ಞಾನದ ರಾಜಧಾನಿ. ಅಲ್ಲಿ ಪಿಯರ್ ಲೂಯಿ ಎಂಬ ವೈದ್ಯರು ರೋಗಿಗಳನ್ನು ಎಣಿಸಿ, ಚಿಕಿತ್ಸೆಯ ಫಲವನ್ನು ಅಂಕಿಗಳಿಂದ ಅಳೆಯುವ ಕ್ರಮವನ್ನು ರೂಢಿಗೆ ತರುತ್ತಿದ್ದರು. ವೈದ್ಯನ ಅನುಭವವೊಂದೇ ಸಾಲದು, ಎಣಿಕೆಯೂ ಬೇಕು ಎಂಬ ಆ ವಿಚಾರ ಫಾರ್ ಅವರ ಮನಸ್ಸಿನಲ್ಲಿ ಭದ್ರವಾಗಿ ನೆಲೆಯೂರಿತು.

ಲಂಡನ್‌ಗೆ ಮರಳಿ ಯೂನಿವರ್ಸಿಟಿ ಕಾಲೇಜಿನಲ್ಲಿ ಓದು ಮುಂದುವರಿಸಿದ ಅವರು 1832ರಲ್ಲಿ ಅಪೋತಿಕರಿ ಸಂಘದ ಪರವಾನಗಿ ಪಡೆದರು. ವೈದ್ಯವೃತ್ತಿಯ ಏಣಿಯಲ್ಲಿ ಅದು ಕೆಳಗಿನ ಮೆಟ್ಟಿಲು. ಚಿಕಿತ್ಸಾಲಯ ತೆರೆದರೂ ಅದು ಹೇಳಿಕೊಳ್ಳುವಂತೆ ನಡೆಯಲಿಲ್ಲ. ವೈದ್ಯಕೀಯ ಪತ್ರಿಕೆಗಳಿಗೆ ಬರೆಯುವುದು, ಜನಸಂಖ್ಯೆಯ ಅಂಕಿಅಂಶಗಳ ಬಗ್ಗೆ ಲೇಖನ ಸಿದ್ಧಪಡಿಸುವುದು ಹೀಗೆ ದಿನಗಳು ಸಾಗಿದವು. 1833ರಲ್ಲಿ ವಿವಾಹವಾದ ಫಾರ್, ನಾಲ್ಕೇ ವರ್ಷಗಳಲ್ಲಿ ಪತ್ನಿಯನ್ನು ಕಳೆದುಕೊಂಡರು. ಆಕೆಯನ್ನು ಬಲಿ ತೆಗೆದುಕೊಂಡದ್ದು ಕ್ಷಯರೋಗ. ಅದೇ 1837ರಲ್ಲಿ ಅವರು ಮೆಕಲಕ್ ಎಂಬ ಅರ್ಥಶಾಸ್ತ್ರಜ್ಞರ ಬೃಹದ್ಗ್ರಂಥಕ್ಕಾಗಿ ಬರೆದ ಜೀವಾಂಕಿಅಂಶಗಳ ಅಧ್ಯಾಯ ಅಧಿಕಾರಸ್ಥರ ಕಣ್ಣಿಗೆ ಬಿದ್ದಿತು.

ಹೆಸರುಗಳ ಗೊಂದಲ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜನನ, ಮರಣ, ವಿವಾಹಗಳನ್ನು ಸರಕಾರವೇ ನೋಂದಾಯಿಸುವ ಕಾಯಿದೆ 1836ರಲ್ಲಿ ಅಂಗೀಕಾರವಾಗಿ, 1837ರ ಜುಲೈ 1ರಿಂದ ಜಾರಿಗೆ ಬಂದಿತ್ತು. ಅದಕ್ಕೂ ಮೊದಲು ಇದ್ದುದು ಚರ್ಚುಗಳ ದಾಖಲೆ ಮಾತ್ರ. ಹೊಸ ವ್ಯವಸ್ಥೆಯ ಮರಣ ನೋಂದಣಿ ಪುಸ್ತಕದಲ್ಲಿ ಸಾವಿನ ಕಾರಣಕ್ಕೆಂದೇ ಒಂದು ಅಂಕಣವಿತ್ತು. ಲಂಡನ್‌ನಲ್ಲಿ ಸ್ಥಾಪನೆಯಾದ ಕೇಂದ್ರ ನೋಂದಣಿ ಕಚೇರಿಗೆ ಕಾದಂಬರಿಕಾರರೂ ಆಗಿದ್ದ ಥಾಮಸ್ ಹೆನ್ರಿ ಲಿಸ್ಟರ್ ಮೊದಲ ರಿಜಿಸ್ಟ್ರಾರ್ ಜನರಲ್. ರಾಶಿರಾಶಿಯಾಗಿ ಬಂದು ಬೀಳುತ್ತಿದ್ದ ದಾಖಲೆಗಳಿಂದ ಸಾರಾಂಶ ತೆಗೆಯುವ ಕೆಲಸಕ್ಕೆ ಫಾರ್ ನೇಮಕಗೊಂಡರು.

ಕಾಗದಗಳನ್ನು ಬಿಚ್ಚಿ ನೋಡಿದಾಗ ಕಂಡದ್ದು ಗೊಂದಲದ ಸಂತೆ. ಆಗ ಸಾವಿನ ಕಾರಣವನ್ನು ವೈದ್ಯನೇ ಬರೆಯಬೇಕೆಂಬ ನಿಯಮವಿರಲಿಲ್ಲ. ಮನೆಯವರು ಹೇಳಿದ್ದನ್ನು ನೋಂದಣಿ ಅಧಿಕಾರಿ ಬರೆದುಕೊಳ್ಳುತ್ತಿದ್ದ. ಒಂದೇ ರೋಗಕ್ಕೆ ಒಂದೊಂದು ಊರಿನಲ್ಲಿ ಒಂದೊಂದು ಹೆಸರು. ಒಂದೇ ಹೆಸರಿನಡಿ ನಾಲ್ಕಾರು ರೋಗಗಳು. ಕೆಲವೆಡೆ ರೋಗವನ್ನು ಬಿಟ್ಟು ಅದರ ಲಕ್ಷಣವನ್ನಷ್ಟೇ ಬರೆದಿದ್ದರೆ, ಮತ್ತೆ ಕೆಲವೆಡೆ ಮೂಲ ಕಾರಣವನ್ನು ಮರೆತು ಕೊನೆಗಳಿಗೆಯಲ್ಲಿ ಕಾಣಿಸಿಕೊಂಡ ತೊಡಕನ್ನು ಬರೆಯಲಾಗಿತ್ತು. ಇಂತಹ ದಾಖಲೆಗಳನ್ನು ಇದ್ದ ಹಾಗೆಯೇ ಕೂಡಿಸಿದರೆ ಬರುವ ಮೊತ್ತಕ್ಕೆ ಅರ್ಥವೇ ಇರುವುದಿಲ್ಲ.

1839ರಲ್ಲಿ ಪ್ರಕಟವಾದ ರಿಜಿಸ್ಟ್ರಾರ್ ಜನರಲ್ ಅವರ ಮೊದಲ ವಾರ್ಷಿಕ ವರದಿಗೆ ಫಾರ್ ಅನುಬಂಧವಾಗಿ ಬರೆದ ಪತ್ರ ಈ ಕಾರಣಕ್ಕೆ ಐತಿಹಾಸಿಕವೆನಿಸಿದೆ. ಭೌತ ವಿಜ್ಞಾನಗಳಿಗೆ ತೂಕ ಅಳತೆಗಳು ಎಷ್ಟು ಮುಖ್ಯವೋ ರೋಗವಿಚಾರಕ್ಕೆ ಏಕರೂಪದ ನಾಮಾವಳಿ ಅಷ್ಟೇ ಮುಖ್ಯ ಎಂಬುದು ಅವರ ವಾದವಾಗಿತ್ತು. ಹದಿನೆಂಟನೆಯ ಶತಮಾನದ ಸ್ಕಾಟಿಷ್ ವೈದ್ಯ ವಿಲಿಯಂ ಕಲನ್ ಅವರ ರೋಗಪಟ್ಟಿ ಆಗ ಬಳಕೆಯಲ್ಲಿತ್ತು. ವಿಜ್ಞಾನ ಮುಂದೆ ಸಾಗಿದ್ದರೂ ಆ ಪಟ್ಟಿಯನ್ನು ಯಾರೂ ತಿದ್ದಿರಲಿಲ್ಲ. ಅದನ್ನು ಬದಿಗಿರಿಸಿ ಫಾರ್ ತಮ್ಮದೇ ಪಟ್ಟಿಯನ್ನು ರಚಿಸಿದರು. ವಿದ್ವಾಂಸರ ಚರ್ಚೆಗೆ ಒಪ್ಪುವ ಸೊಗಸಾದ ವ್ಯವಸ್ಥೆಗಿಂತ, ಸಾವನ್ನು ತಡೆಯಲು ನೆರವಾಗುವ ವಿಂಗಡಣೆ ಅವರಿಗೆ ಬೇಕಾಗಿತ್ತು. ಹರಡುವ ರೋಗಗಳನ್ನು ಒಂದು ಗುಂಪಾಗಿ ಪ್ರತ್ಯೇಕಿಸಿದ್ದು ಈ ಕಾರಣಕ್ಕೇ. ಒಂದು ಊರಿನಲ್ಲಿ ಆ ಗುಂಪಿನ ಸಂಖ್ಯೆ ಏರಿದರೆ ಅಲ್ಲಿನ ಚರಂಡಿ, ನೀರು, ವಸತಿಗಳಲ್ಲಿ ದೋಷವಿದೆಯೆಂದು ಅದು ಸಾರುತ್ತಿತ್ತು.

ಅರವತ್ತಮೂರು ಸಾವುಗಳು

ಪಟ್ಟಿಯಲ್ಲಿನ ಒಂದು ಸಾಲು ಎಷ್ಟು ದೊಡ್ಡ ವಿವಾದವಾಗಬಲ್ಲುದು ಎಂಬುದು ಮೊದಲ ವರದಿಯಲ್ಲಿಯೇ ತಿಳಿದುಬಂದಿತು. 1837ರ ಕೊನೆಯ ಆರು ತಿಂಗಳಲ್ಲಿ ನೋಂದಣಿಯಾದ ಸುಮಾರು 1 ಲಕ್ಷ 48 ಸಾವಿರ ಸಾವುಗಳ ಪೈಕಿ 63 ಸಾವುಗಳನ್ನು ಫಾರ್ ಹಸಿವಿನ ಕಾರಣದಡಿ ತೋರಿಸಿದ್ದರು.

ಬಡವರಿಗೆ ಮನೆಬಾಗಿಲಲ್ಲಿ ದೊರೆಯುತ್ತಿದ್ದ ನೆರವನ್ನು ಮೊಟಕುಗೊಳಿಸಿ ಅವರನ್ನು ದುಡಿಮೆಮನೆಗಳಿಗೆ ತಳ್ಳುವ ಹೊಸ ಕಾನೂನು 1834ರಲ್ಲಿ ಜಾರಿಗೆ ಬಂದಿತ್ತು. ಅದನ್ನು ನಿರ್ವಹಿಸುತ್ತಿದ್ದ ಆಯೋಗದ ಕಾರ್ಯದರ್ಶಿ ಎಡ್ವಿನ್ ಚಾಡ್ವಿಕ್. ಜಗತ್ತಿನ ಅತಿ ಶ್ರೀಮಂತ ದೇಶದಲ್ಲಿ, ಬಡವರ ನೆರವಿಗೆಂದೇ ಕಾನೂನು ಇರುವಾಗ, ಜನರು ಹಸಿವಿನಿಂದ ಸಾಯುತ್ತಿದ್ದಾರೆಂದು ಸರಕಾರದ ಇನ್ನೊಂದು ಇಲಾಖೆಯೇ ಮುದ್ರಿಸಿದರೆ ಅವರು ಸುಮ್ಮನಿರುವುದು ಸಾಧ್ಯವಿರಲಿಲ್ಲ. ಪ್ರಕರಣಗಳನ್ನು ಒಂದೊಂದಾಗಿ ಪರಿಶೀಲಿಸಿದ ಚಾಡ್ವಿಕ್, ಇವುಗಳಲ್ಲಿ ಎದೆಹಾಲು ದೊರೆಯದೆ ಸತ್ತ ಶಿಶುಗಳೂ ಸೇರಿದ್ದಾರೆ, ಇದು ಅನ್ನವಿಲ್ಲದೆ ಬಂದ ಸಾವಲ್ಲ ಎಂದು ಆಕ್ಷೇಪಿಸಿದರು.

ಫಾರ್ ಹಿಂಜರಿಯಲಿಲ್ಲ. ಹಸಿವು ನೇರವಾಗಿ ಕೊಲ್ಲುವುದು ಅಪರೂಪ, ದೇಹವನ್ನು ಸೊರಗಿಸಿ ಜ್ವರಕ್ಕೋ ಬೇಧಿಗೋ ಒಪ್ಪಿಸುತ್ತದೆ, ಆದ್ದರಿಂದ ಕೊರತೆಯಿಂದ ಸಾಯುವವರ ನಿಜವಾದ ಸಂಖ್ಯೆ 63ಕ್ಕಿಂತ ಬಹಳ ಹೆಚ್ಚು ಎಂಬುದು ಅವರ ಪ್ರತಿವಾದವಾಗಿತ್ತು. ಇಬ್ಬರ ನಡುವಿನ ಪತ್ರವ್ಯವಹಾರ ಬಿರುಸಾಗಿಯೇ ನಡೆಯಿತು. ಇಬ್ಬರೂ ಸಾರ್ವಜನಿಕ ಆರೋಗ್ಯ ಸುಧಾರಣೆಯ ಪರವಾಗಿದ್ದವರು ಎಂಬುದು ಗಮನಾರ್ಹ. ಭೇದವಿದ್ದುದು ಸಾವಿಗೆ ಯಾವ ಹೆಸರು ಕೊಡಬೇಕು ಎಂಬಲ್ಲಿ. ಅತಿಸಾರವೆಂದು ಬರೆದರೆ ಹೊಣೆ ಕೊಳಚೆಯ ಮೇಲೆ ಬೀಳುತ್ತದೆ, ಹಸಿವೆಂದು ಬರೆದರೆ ಸರಕಾರದ ನೀತಿಯ ಮೇಲೆ. ರೋಗಗಳ ಪಟ್ಟಿ ಗುಮಾಸ್ತರ ಅನುಕೂಲಕ್ಕೆ ಮಾಡಿಕೊಂಡ ಕಾಗದವಷ್ಟೇ ಅಲ್ಲ ಎಂಬುದು ಅಂದೇ ಸ್ಪಷ್ಟವಾಯಿತು.

ವೈದ್ಯರನ್ನು ಒಲಿಸಿಕೊಂಡ ಬಗೆ

ಪಟ್ಟಿ ಎಷ್ಟೇ ಉತ್ತಮವಾಗಿದ್ದರೂ ಅದನ್ನು ಬಳಸುವವರು ಬೇಕಲ್ಲ? 1842ರಲ್ಲಿ ಲಿಸ್ಟರ್ ಅವರ ನಂತರ ರಿಜಿಸ್ಟ್ರಾರ್ ಜನರಲ್ ಆಗಿ ಬಂದ ಜಾರ್ಜ್ ಗ್ರಹಾಂ, ಫಾರ್ ಅವರಿಗೆ ಪೂರ್ಣ ಸ್ವಾತಂತ್ರ್ಯ ನೀಡಿದರು. ರೋಗಗಳ ಹೆಸರುಗಳನ್ನೂ ಅವುಗಳ ಸಮಾನಪದಗಳನ್ನೂ ವಿವರಿಸುವ ಪಟ್ಟಿ ದೇಶದ ವೈದ್ಯರಿಗೆ ತಲುಪಿತು. 1845ರಲ್ಲಿ ಮರಣ ಕಾರಣವನ್ನು ಬರೆದುಕೊಡಲು ಮುದ್ರಿತ ನಮೂನೆಗಳ ಪುಸ್ತಕಗಳನ್ನೇ ವೈದ್ಯರಿಗೆ ಹಂಚಲಾಯಿತು. ಕಾನೂನಿನ ಒತ್ತಾಯವಿರಲಿಲ್ಲ, ಎಲ್ಲವೂ ವೈದ್ಯರ ಸಹಕಾರದಿಂದಲೇ ನಡೆಯಬೇಕಿತ್ತು. ಮರಣ ಪ್ರಮಾಣಪತ್ರ ನೀಡುವುದು ವೈದ್ಯರ ಕಡ್ಡಾಯ ಕರ್ತವ್ಯವಾದದ್ದು 1874ರ ಕಾಯಿದೆಯ ಮೂಲಕ.

ಈ ನಡುವೆ ಫಾರ್ ತಮ್ಮ ಪಟ್ಟಿಯನ್ನು ತಾವೇ ಮತ್ತೆ ಮತ್ತೆ ತಿದ್ದುತ್ತಿದ್ದರು. ಹರಡುವ ರೋಗಗಳು ದೇಹದಲ್ಲಿ ಹುದುಗುವಿಕೆಯಂತಹ ಕ್ರಿಯೆಯಿಂದ ಬೆಳೆಯುತ್ತವೆ ಎಂಬ ಅಂದಿನ ರಸಾಯನಶಾಸ್ತ್ರದ ವಿಚಾರವನ್ನು ಸ್ವೀಕರಿಸಿ, ಹುದುಗು ಎಂಬರ್ಥದ ಗ್ರೀಕ್ ಪದದಿಂದ ಆ ಗುಂಪಿಗೆ ಜೈಮೋಟಿಕ್ ರೋಗಗಳು ಎಂಬ ಹೆಸರನ್ನು 1842ರ ವೇಳೆಗೆ ಬಳಕೆಗೆ ತಂದರು. ಸಿಡುಬು, ದಡಾರ, ಕಾಲರಾ, ನಾಯಿಕೆಮ್ಮು, ಜ್ವರಗಳು ಈ ಗುಂಪಿಗೆ ಸೇರಿದ್ದವು. ರೋಗಾಣುಗಳ ಪಾತ್ರ ಆಗಿನ್ನೂ ಸ್ಥಾಪಿತವಾಗಿರಲಿಲ್ಲ.

ಬ್ರಸೆಲ್ಸ್‌ನಿಂದ ಪ್ಯಾರಿಸ್‌ಗೆ

ಒಂದು ದೇಶದ ಪಟ್ಟಿ ಆ ದೇಶಕ್ಕೆ ಸಾಕು. ಆದರೆ ಬೆಲ್ಜಿಯಂನ ಕ್ಷಯಮರಣಗಳನ್ನು ಇಂಗ್ಲೆಂಡಿನ ಕ್ಷಯಮರಣಗಳೊಂದಿಗೆ ಹೋಲಿಸಬೇಕಾದರೆ ಎರಡೂ ದೇಶಗಳು ಒಂದೇ ಹೆಸರನ್ನು ಒಂದೇ ಅರ್ಥದಲ್ಲಿ ಬಳಸಬೇಕು. 1853ರಲ್ಲಿ ಬ್ರಸೆಲ್ಸ್‌ನಲ್ಲಿ ನೆರೆದ ಮೊದಲ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನ ಈ ಹೊಣೆಯನ್ನು ಇಬ್ಬರಿಗೆ ಒಪ್ಪಿಸಿತು. ಒಬ್ಬರು ಫಾರ್, ಮತ್ತೊಬ್ಬರು ಜಿನೀವಾದ ಮಾರ್ಕ್ ಡೆಸ್ಪೀನ್.

ಎರಡು ವರ್ಷಗಳ ನಂತರ, 1855ರ ಪ್ಯಾರಿಸ್ ಸಮ್ಮೇಳನಕ್ಕೆ ಇಬ್ಬರೂ ಬೇರೆ ಬೇರೆ ಪಟ್ಟಿಗಳೊಂದಿಗೆ ಬಂದರು. ಡೆಸ್ಪೀನ್ ರೋಗಗಳನ್ನು ಅವುಗಳ ಸ್ವಭಾವಕ್ಕನುಗುಣವಾಗಿ ವಿಂಗಡಿಸಿದ್ದರು. ಫಾರ್ ಐದು ಗುಂಪುಗಳನ್ನು ಮಾಡಿದ್ದರು: ಸಾಂಕ್ರಾಮಿಕ ರೋಗಗಳು, ಇಡೀ ದೇಹವನ್ನು ಆವರಿಸುವ ಸಾಮಾನ್ಯ ರೋಗಗಳು, ಅಂಗಾಂಗಗಳ ಸ್ಥಾನದಂತೆ ಜೋಡಿಸಿದ ಸ್ಥಾನಿಕ ರೋಗಗಳು, ಬೆಳವಣಿಗೆಗೆ ಸಂಬಂಧಿಸಿದ ರೋಗಗಳು, ಹಿಂಸೆ ಅಪಘಾತಗಳ ಪರಿಣಾಮಗಳು. ಸಮ್ಮೇಳನ ಯಾರ ಮನಸ್ಸನ್ನೂ ನೋಯಿಸದೆ 139 ಶೀರ್ಷಿಕೆಗಳ ರಾಜಿ ಪಟ್ಟಿಯೊಂದನ್ನು ಅಂಗೀಕರಿಸಿತು. 1864ರಲ್ಲಿ ಅದನ್ನು ಪರಿಷ್ಕರಿಸಿದಾಗ ಫಾರ್ ಅವರ ಮಾದರಿಯನ್ನೇ ಆಧಾರವಾಗಿ ಇಟ್ಟುಕೊಳ್ಳಲಾಯಿತು. 1874, 1880, 1886ರಲ್ಲಿ ಮತ್ತೆ ಪರಿಷ್ಕರಣೆಗಳು ನಡೆದವು. ಎಲ್ಲ ದೇಶಗಳೂ ಅದನ್ನು ಒಪ್ಪಲಿಲ್ಲವಾದರೂ, ರೋಗಪಟ್ಟಿಯನ್ನು ಆಗಾಗ ಒಟ್ಟಾಗಿ ಕುಳಿತು ತಿದ್ದಬೇಕೆಂಬ ಪದ್ಧತಿ ಬೇರೂರಿತು.

ನೈಟಿಂಗೇಲ್ ಮತ್ತು ಭಾರತದ ಸೈನ್ಯ

1856ರಲ್ಲಿ ಕ್ರಿಮಿಯಾ ಯುದ್ಧಭೂಮಿಯಿಂದ ಮರಳಿದ ಫ್ಲಾರೆನ್ಸ್ ನೈಟಿಂಗೇಲ್ ಅವರ ಪರಿಚಯ ಫಾರ್ ಅವರಿಗಾಯಿತು. ಸೈನಿಕರು ಶತ್ರುಗಳ ಗುಂಡಿಗಿಂತ ಹೆಚ್ಚಾಗಿ ಆಸ್ಪತ್ರೆಯ ಕೊಳಕಿಗೆ ಬಲಿಯಾಗಿದ್ದನ್ನು ಕಣ್ಣಾರೆ ಕಂಡಿದ್ದ ನೈಟಿಂಗೇಲ್ ಅವರಿಗೆ ಅದನ್ನು ಸಾಬೀತುಪಡಿಸುವ ಅಂಕಿಅಂಶಗಳ ಭಾಷೆ ಬೇಕಾಗಿತ್ತು. ಫಾರ್ ಅವರ ವರ್ಗೀಕರಣ ಅದನ್ನು ಒದಗಿಸಿತು. ನೈಟಿಂಗೇಲ್ ರಚಿಸಿದ ಸುಪ್ರಸಿದ್ಧ ವೃತ್ತಾಕಾರದ ಚಿತ್ರಗಳಲ್ಲಿ ಮೂರು ಬಣ್ಣಗಳಿವೆ. ಒಂದು ಗಾಯಗಳಿಂದಾದ ಸಾವುಗಳಿಗೆ, ಒಂದು ಇತರ ಕಾರಣಗಳಿಗೆ, ಎಲ್ಲಕ್ಕಿಂತ ವಿಸ್ತಾರವಾಗಿ ಹರಡಿರುವ ಮೂರನೆಯದು ತಡೆಯಬಹುದಾಗಿದ್ದ ಜೈಮೋಟಿಕ್ ರೋಗಗಳಿಗೆ. ಗುಂಪು ಮಾಡುವ ವಿಧಾನವೇ ಅಲ್ಲಿ ವಾದವಾಗಿ ನಿಂತಿದೆ.

ಇದೇ ಜೋಡಿಯ ಶ್ರಮ ಭಾರತವನ್ನೂ ತಲುಪಿತು. ಭಾರತದಲ್ಲಿನ ಸೈನ್ಯದ ಆರೋಗ್ಯ ಸ್ಥಿತಿಯ ವಿಚಾರಣೆಗೆ 1859ರಲ್ಲಿ ನೇಮಕವಾದ ರಾಜ ಆಯೋಗದಲ್ಲಿ ಫಾರ್ ಸದಸ್ಯರಾಗಿದ್ದರು. ನೈಟಿಂಗೇಲ್ ಸದಸ್ಯೆಯಾಗದಿದ್ದರೂ ಅದರ ಹಿಂದಿನ ಪ್ರೇರಕ ಶಕ್ತಿಯಾಗಿದ್ದರು. 1863ರಲ್ಲಿ ಹೊರಬಂದ ವರದಿ, ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು ತೋರಿಸಿತು. ದೋಷವನ್ನು ಇಲ್ಲಿನ ಬಿಸಿಲ ಮೇಲೆ ಹೊರಿಸುವುದು ಸುಲಭವಿತ್ತು. ಆದರೆ ಕಾರಣವಾರು ಲೆಕ್ಕ ಬೆರಳು ತೋರಿದ್ದು ಕಲುಷಿತ ನೀರು, ಚರಂಡಿಯಿಲ್ಲದ ದಂಡುಪ್ರದೇಶ ಮತ್ತು ಇಕ್ಕಟ್ಟಾದ ಬ್ಯಾರಕ್‌ಗಳ ಕಡೆಗೆ.

ತಾಯ್ನಾಡಿನಲ್ಲಿಯೂ ಫಾರ್ ಇದೇ ತರ್ಕವನ್ನು ಅನುಸರಿಸಿದರು. ಇಂಗ್ಲೆಂಡಿನ ಆರೋಗ್ಯಕರ ಜಿಲ್ಲೆಗಳಲ್ಲಿ ಮರಣ ಪ್ರಮಾಣ ಸಾವಿರಕ್ಕೆ 17 ಇದ್ದುದನ್ನು ಮಾನದಂಡವಾಗಿ ಹಿಡಿದು, ಅದಕ್ಕಿಂತ ಹೆಚ್ಚಿನ ಪ್ರತಿಯೊಂದು ಸಾವೂ ತಪ್ಪಿಸಬಹುದಾದದ್ದು ಎಂದು ನಗರಗಳಿಗೆ ಮನವರಿಕೆ ಮಾಡಿಕೊಟ್ಟರು. 1864ರಲ್ಲಿ ಪ್ರಕಟವಾದ ಮೂರನೆಯ ಇಂಗ್ಲಿಷ್ ಆಯುರ್ಮಾನ ಪಟ್ಟಿಗೆ ಷುಟ್ಸ್ ಗಣಕಯಂತ್ರವನ್ನು ಬಳಸಿ, ಯಂತ್ರದ ಲೆಕ್ಕವನ್ನು ಸರಕಾರಿ ಕೆಲಸಕ್ಕೆ ತಂದವರಲ್ಲಿ ಮೊದಲಿಗರೆನಿಸಿದರು.

ಕಾಲರಾ ಕಲಿಸಿದ ಪಾಠ

ಫಾರ್ ಅವರ ಬದುಕಿನ ಅತಿ ಮುಖ್ಯ ಅಧ್ಯಾಯ ಕಾಲರಾದೊಂದಿಗೆ ನಡೆಸಿದ ಸೆಣಸಾಟ. 1848-49ರ ಪಿಡುಗು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 53 ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. 1852ರಲ್ಲಿ ಹೊರಬಂದ ತಮ್ಮ ವಿಸ್ತೃತ ವರದಿಯಲ್ಲಿ ಫಾರ್ ಒಂದು ನಿಯಮವನ್ನು ಮಂಡಿಸಿದರು. ಥೇಮ್ಸ್ ನದಿಯ ಮಟ್ಟದಿಂದ ಎತ್ತರಕ್ಕೆ ಹೋದಂತೆ ಕಾಲರಾ ಸಾವುಗಳು ಕಡಿಮೆಯಾಗುತ್ತವೆ. ತಗ್ಗಿನಲ್ಲಿ ಶೇಖರವಾಗುವ ಕೆಟ್ಟ ಗಾಳಿಯೇ ಇದಕ್ಕೆ ಕಾರಣ ಎಂಬುದು ಅವರ ನಂಬಿಕೆಯಾಗಿತ್ತು. ಅಂಕಿಗಳು ಸರಿಯಾಗಿದ್ದವು, ಅರ್ಥೈಸಿದ್ದು ತಪ್ಪಾಗಿತ್ತು. ತಗ್ಗಿನ ಪ್ರದೇಶದವರು ನಗರದ ಕೊಳಚೆ ಸೇರಿದ ನದಿಯ ನೀರನ್ನು ಕುಡಿಯುತ್ತಿದ್ದರು.

ಕಾಲರಾ ನೀರಿನಿಂದ ಹರಡುತ್ತದೆ ಎಂದು ಸಾರಿದ ಜಾನ್ ಸ್ನೋ ಅವರ ವಾದವನ್ನು ಫಾರ್ ಆಗ ಪೂರ್ಣವಾಗಿ ಒಪ್ಪಲಿಲ್ಲ. ಹಾಗೆಂದು ಬಾಗಿಲು ಮುಚ್ಚಲೂ ಇಲ್ಲ. 1853-54ರ ಪಿಡುಗಿನಲ್ಲಿ ಸತ್ತವರ ವಿವರಗಳನ್ನು ತಮ್ಮ ಕಚೇರಿಯಿಂದ ಸ್ನೋ ಅವರಿಗೆ ಒದಗಿಸಿದರು. ಸತ್ತವರ ಮನೆಗೆ ಯಾವ ಕಂಪೆನಿಯ ನೀರು ಬರುತ್ತಿತ್ತೆಂದು ವಿಚಾರಿಸಿ ಬರೆಯುವಂತೆ ನೋಂದಣಿ ಅಧಿಕಾರಿಗಳಿಗೆ ಸೂಚಿಸಿದರು. ತಾವು ಒಪ್ಪದ ವಾದವನ್ನು ಪರೀಕ್ಷಿಸಲು ಬೇಕಾದ ಅಂಕಣವನ್ನು ತಮ್ಮ ದಾಖಲೆಯಲ್ಲಿ ತಾವೇ ಸೇರಿಸಿದಂತಾಯಿತು.

ಸ್ನೋ 1858ರಲ್ಲಿ ತೀರಿಕೊಂಡರು. 1866ರಲ್ಲಿ ಕಾಲರಾ ಮತ್ತೆ ಬಂದಾಗ ವಾರದ ಮರಣಪಟ್ಟಿಗಳನ್ನು ನೋಡುತ್ತಿದ್ದ ಫಾರ್ ಅವರಿಗೆ, ಲಂಡನ್ನಿನ ಸಾವುಗಳ ಬಹುಭಾಗ ನಗರದ ಪೂರ್ವಭಾಗದಲ್ಲಿ ಗುಂಪುಗೂಡಿರುವುದು ಕಂಡಿತು. ಅದು ಈಸ್ಟ್ ಲಂಡನ್ ಜಲ ಕಂಪೆನಿ ನೀರು ಪೂರೈಸುತ್ತಿದ್ದ ಪ್ರದೇಶ. ಓಲ್ಡ್ ಫೋರ್ಡ್‌ನಲ್ಲಿದ್ದ ತೆರೆದ ಕೊಳಗಳ ಸೋಸದ ನೀರು ಮನೆಗಳಿಗೆ ಹೋಗಿದ್ದುದು ತನಿಖೆಯಲ್ಲಿ ಬಯಲಾಯಿತು. 1868ರಲ್ಲಿ ಪ್ರಕಟವಾದ ವರದಿಯಲ್ಲಿ ಫಾರ್ ನೀರಿನ ಪಾತ್ರವನ್ನು ಎತ್ತಿಹಿಡಿದರು. ಅರವತ್ತರ ವಯಸ್ಸಿನಲ್ಲಿ, ಅದೂ ಸರಕಾರದ ಮುದ್ರಿತ ವರದಿಯಲ್ಲಿ, ತಮ್ಮ ಹಿಂದಿನ ನಿಲುವನ್ನು ಬದಲಿಸಿಕೊಳ್ಳುವ ಅಧಿಕಾರಿಗಳು ಎಲ್ಲ ಕಾಲದಲ್ಲಿಯೂ ವಿರಳ.

ಒಂದು ಜ್ವರ ಎರಡಾದಾಗ

ಪಟ್ಟಿಯ ಪರಿಷ್ಕರಣೆ ಏಕೆ ಅನಿವಾರ್ಯ, ಏಕೆ ಅಪಾಯಕಾರಿ ಎಂಬುದಕ್ಕೆ ಜ್ವರಗಳ ಕಥೆಯೇ ಉತ್ತಮ ನಿದರ್ಶನ. ಫಾರ್ ಅವರ ಆರಂಭದ ಪಟ್ಟಿಗಳಲ್ಲಿ ಟೈಫಸ್ ಎಂಬ ಒಂದೇ ಶೀರ್ಷಿಕೆಯಡಿ ಎರಡು ಬೇರೆ ರೋಗಗಳು ಅಡಗಿದ್ದವು. ಒಂದು ನಿಜವಾದ ಟೈಫಸ್. ಇಕ್ಕಟ್ಟು, ಬಡತನ, ಕೊಳಕು ಬಟ್ಟೆಗಳ ನಡುವೆ ಹರಡುವ ಇದನ್ನು ಹೇನು ಸಾಗಿಸುತ್ತದೆ ಎಂಬುದು ಮುಂದಿನ ಶತಮಾನದಲ್ಲಿ ತಿಳಿಯಿತು. ಇನ್ನೊಂದು ಟೈಫಾಯಿಡ್, ಅಂದರೆ ವಿಷಮಶೀತ ಜ್ವರ. ಇದು ಮಲಿನವಾದ ನೀರು, ಆಹಾರಗಳಿಂದ ಬರುವಂಥದು. ವಿಲಿಯಂ ಜೆನ್ನರ್ ಎಂಬ ವೈದ್ಯರು 1849ರಿಂದ 1851ರ ಅವಧಿಯಲ್ಲಿ ಇವೆರಡೂ ಬೇರೆಯೆಂದು ಇಂಗ್ಲೆಂಡಿನಲ್ಲಿ ಸ್ಪಷ್ಟವಾಗಿ ತೋರಿಸಿಕೊಟ್ಟರು. ಆದರೆ ರಾಷ್ಟ್ರೀಯ ಮರಣಪಟ್ಟಿಯಲ್ಲಿ ಅವು ಬೇರೆಯಾದದ್ದು 1869ರಲ್ಲಿ.

ನಡುವಿನ ಸುಮಾರು ಎರಡು ದಶಕ ವಿಳಂಬವೆನಿಸಬಹುದು. ಆದರೆ ಪಟ್ಟಿ ತಯಾರಿಸುವವನ ಇಕ್ಕಟ್ಟು ಇಲ್ಲಿಯೇ ಇದೆ. ಬೇರ್ಪಡಿಸಬೇಕಾದರೆ ಊರೂರಿನ ವೈದ್ಯರು ಎರಡನ್ನೂ ಬೇರೆಯಾಗಿ ಗುರುತಿಸಲು ಕಲಿತಿರಬೇಕು. ಇಲ್ಲವಾದರೆ ಎರಡು ಅಂಕಣಗಳಲ್ಲಿಯೂ ತಪ್ಪು ಸಂಖ್ಯೆಗಳೇ ತುಂಬುತ್ತವೆ. ಬೇರ್ಪಡಿಸಿದ ಮೇಲೆ ಮತ್ತೊಂದು ತೊಡಕು. 1868ರ ಟೈಫಸ್ ಸಂಖ್ಯೆಯನ್ನು 1870ರ ಟೈಫಸ್ ಸಂಖ್ಯೆಯೊಂದಿಗೆ ಹೋಲಿಸಿದವನಿಗೆ ರೋಗ ಒಮ್ಮೆಲೇ ಇಳಿದಂತೆ ಕಾಣುತ್ತದೆ. ವಾಸ್ತವದಲ್ಲಿ ಬದಲಾದದ್ದರಲ್ಲಿ ದೊಡ್ಡ ಪಾಲು ಶೀರ್ಷಿಕೆಯದು. ಹಾಗೆಂದು ಬೇರ್ಪಡಿಸದೆ ಇದ್ದರೆ ನೀರನ್ನು ಶುದ್ಧಗೊಳಿಸಿದ ಫಲ ಟೈಫಾಯಿಡ್ ಇಳಿಕೆಯಲ್ಲಿ ಕಾಣುವುದೇ ಇಲ್ಲ.

ಬದಲಾಯಿಸದಿದ್ದರೆ ಪಟ್ಟಿ ವಿಜ್ಞಾನಕ್ಕೆ ಸುಳ್ಳಾಗುತ್ತದೆ, ಬದಲಾಯಿಸಿದರೆ ಹಿಂದಿನ ವರ್ಷಗಳೊಂದಿಗೆ ಕೊಂಡಿ ಕಳಚುತ್ತದೆ. ಈ ಎರಡರ ನಡುವೆ ಉಳಿಯುವ ದಾರಿ ಒಂದೇ. ಬದಲಾವಣೆ ಯಾವ ದಿನದಿಂದ, ಯಾವ ಶೀರ್ಷಿಕೆಯಿಂದ ಏನು ಹೊರಹೋಯಿತು, ಎಲ್ಲಿಗೆ ಸೇರಿತು ಎಂಬುದನ್ನು ಬಹಿರಂಗವಾಗಿ ಬರೆದಿಡುವುದು. ವಾರ್ಷಿಕ ವರದಿಗಳಿಗೆ ಫಾರ್ ಬರೆಯುತ್ತಿದ್ದ ದೀರ್ಘ ಪತ್ರಗಳ ಮಹತ್ವ ಇಲ್ಲಿದೆ. ಅಂಕಿಗಳ ಜೊತೆಗೆ ಅವು ಹುಟ್ಟಿದ ಬಗೆಯನ್ನೂ ಅವರು ಓದುಗರ ಮುಂದಿಟ್ಟರು. 1869ರಲ್ಲಿಯೇ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ಅಧಿಕೃತ ರೋಗನಾಮಾವಳಿಯನ್ನು ಪ್ರಕಟಿಸಿತು.

ಕೈತಪ್ಪಿದ ಹುದ್ದೆ

ಕೀರ್ತಿಗೆ ಕೊರತೆಯಿರಲಿಲ್ಲ. 1855ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. 1871ರಿಂದ 1873ರವರೆಗೆ ಅವರು ಸಂಖ್ಯಾಶಾಸ್ತ್ರ ಸಂಘದ ಅಧ್ಯಕ್ಷರಾಗಿದ್ದರು. 1851, 1861, 1871ರ ಮೂರು ಜನಗಣತಿಗಳಲ್ಲಿ ಅವರ ಪಾತ್ರ ಪ್ರಮುಖವಾಗಿತ್ತು. ಆದರೆ 1879ರಲ್ಲಿ ಗ್ರಹಾಂ ನಿವೃತ್ತರಾದಾಗ ಆ ಸ್ಥಾನ ಫಾರ್ ಅವರಿಗೆ ದೊರೆಯಲಿಲ್ಲ. ನಾಲ್ಕು ದಶಕ ಕಚೇರಿಯ ಜೀವಾಳವಾಗಿದ್ದ ಅವರನ್ನು ಬಿಟ್ಟು ಸರ್ ಬ್ರಿಜಸ್ ಹೆನಿಕರ್ ಅವರನ್ನು ನೇಮಿಸಲಾಯಿತು. ಮನನೊಂದ ಫಾರ್ ಸೇವೆಯಿಂದ ನಿವೃತ್ತರಾದರು. 1880ರಲ್ಲಿ ಸರಕಾರ ಅವರಿಗೆ ಸಿ.ಬಿ. ಗೌರವ ನೀಡಿತು, ಬ್ರಿಟಿಷ್ ವೈದ್ಯಕೀಯ ಸಂಘ ಚಿನ್ನದ ಪದಕ ನೀಡಿ ಸನ್ಮಾನಿಸಿತು. ಅಷ್ಟರಲ್ಲಿ ಆರೋಗ್ಯ ಹದಗೆಟ್ಟಿತ್ತು. 1883ರ ಏಪ್ರಿಲ್ 14ರಂದು ಲಂಡನ್‌ನಲ್ಲಿ, 75ನೆಯ ವಯಸ್ಸಿನಲ್ಲಿ ಅವರು ಕೊನೆಯುಸಿರೆಳೆದರು.

ಅವರ ಸ್ಥಾನಕ್ಕೆ ಬಂದ ವಿಲಿಯಂ ಓಗಲ್ 1881ರಲ್ಲಿ ಫಾರ್ ಅವರ ವರ್ಗೀಕರಣವನ್ನು ಗಣನೀಯವಾಗಿ ತಿದ್ದಿದರು. ರೋಗಾಣು ಸಿದ್ಧಾಂತ ಗಟ್ಟಿಯಾದಂತೆ ಹುದುಗಿನ ಕಲ್ಪನೆಯೂ ಜೈಮೋಟಿಕ್ ಎಂಬ ಹೆಸರೂ ಕಾಲಕ್ರಮೇಣ ಮರೆಗೆ ಸರಿದವು. ಅದರಲ್ಲಿ ಫಾರ್ ಅವರಿಗೆ ಅವಮಾನವೇನೂ ಇಲ್ಲ. ತಿದ್ದಿದರೂ ಮುರಿಯದ ಪಟ್ಟಿಯನ್ನು ಅವರು ಬಿಟ್ಟುಹೋಗಿದ್ದರು.

ಫಾರ್ ನಂತರ

1891ರಲ್ಲಿ ವಿಯೆನ್ನಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಂಸ್ಥೆ ಹೊಸ ಪಟ್ಟಿ ರಚಿಸುವ ಕೆಲಸವನ್ನು ಪ್ಯಾರಿಸ್‌ನ ಜಾಕ್ ಬರ್ಟಿಲಾನ್ ನೇತೃತ್ವದ ಸಮಿತಿಗೆ ವಹಿಸಿತು. 1893ರಲ್ಲಿ ಷಿಕಾಗೊದಲ್ಲಿ ಅಂಗೀಕಾರವಾದ ಆ ಪಟ್ಟಿಯಲ್ಲಿ ಇಡೀ ದೇಹದ ರೋಗಗಳನ್ನೂ ಅಂಗವಾರು ರೋಗಗಳನ್ನೂ ಬೇರೆಯಾಗಿಸುವ ಫಾರ್ ತತ್ವವೇ ನೆಲೆಗಟ್ಟಾಗಿತ್ತು. ಹತ್ತು ವರ್ಷಕ್ಕೊಮ್ಮೆ ಅದನ್ನು ಪರಿಷ್ಕರಿಸಬೇಕೆಂದು 1898ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸಂಘ ಸಲಹೆ ಮಾಡಿತು. 1900ರಲ್ಲಿ 26 ದೇಶಗಳ ಪ್ರತಿನಿಧಿಗಳು ಪ್ಯಾರಿಸ್‌ನಲ್ಲಿ ಮೊದಲ ಪರಿಷ್ಕರಣೆ ನಡೆಸಿ 179 ಗುಂಪುಗಳ ಪಟ್ಟಿಗೆ ಒಪ್ಪಿಗೆಯಿತ್ತರು. 1948ರ ಆರನೆಯ ಪರಿಷ್ಕರಣೆಯ ವೇಳೆಗೆ ಹೊಣೆ ವಿಶ್ವ ಆರೋಗ್ಯ ಸಂಸ್ಥೆಯದಾಯಿತು. ಸಾವಿನ ಕಾರಣಗಳ ಪಟ್ಟಿ ಆಗ ಬದುಕಿರುವವರ ಕಾಯಿಲೆಗಳನ್ನೂ ಒಳಗೊಂಡಿತು.

ಹತ್ತನೆಯ ಪರಿಷ್ಕರಣೆಗೆ 1990ರಲ್ಲಿ ಒಪ್ಪಿಗೆ ದೊರೆಯಿತು. ಹತ್ತು ವರ್ಷಗಳ ಅಂತರ ವೈದ್ಯವಿಜ್ಞಾನದ ವೇಗಕ್ಕೆ ಸಾಲದೆಂಬುದು ಅಷ್ಟರಲ್ಲಿ ಮನವರಿಕೆಯಾಗಿತ್ತು. ಪರಿಷ್ಕರಣೆಗಳ ನಡುವೆ ವಾರ್ಷಿಕ ತಿದ್ದುಪಡಿಗಳನ್ನು ಮಾಡುವ ವ್ಯವಸ್ಥೆ ರೂಪುಗೊಂಡಿತು. ಅಮೆರಿಕ ತನ್ನ ಅಗತ್ಯಕ್ಕೆ ತಕ್ಕಂತೆ ಅದನ್ನು ವಿಸ್ತರಿಸಿ, 2015ರ ಅಕ್ಟೋಬರ್ 1ರಿಂದ ಜಾರಿಗೊಳಿಸಿದ ಆವೃತ್ತಿಯಲ್ಲಿ ಸುಮಾರು 70 ಸಾವಿರ ಸಂಕೇತಗಳಿವೆ. 1855ರ 139ರಿಂದ ಇಲ್ಲಿಯವರೆಗೆ ಪಟ್ಟಿ ಬೆಳೆದ ಪರಿ ಇದು. ಹನ್ನೊಂದನೆಯ ಪರಿಷ್ಕರಣೆಯನ್ನು 2019ರಲ್ಲಿ ವಿಶ್ವ ಆರೋಗ್ಯ ಸಭೆ ಅಂಗೀಕರಿಸಿದ್ದು, ಅದು 2022ರ ಜನವರಿ 1ರಂದು ಜಾರಿಗೆ ಬಂದಿತು.

ವಾರ್ಷಿಕ ಗಡುವನ್ನೂ ಕಾಯಲಾಗದ ಸಂದರ್ಭ 2020ರಲ್ಲಿ ಎದುರಾಯಿತು. ಕೊರೊನಾ ಸೋಂಕಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ಯು07.1 ಮತ್ತು ಯು07.2 ಎಂಬ ಎರಡು ತುರ್ತು ಸಂಕೇತಗಳನ್ನು ನೀಡಿತು. ಮೊದಲನೆಯದು ಪರೀಕ್ಷೆಯಲ್ಲಿ ದೃಢಪಟ್ಟವರಿಗೆ, ಎರಡನೆಯದು ಲಕ್ಷಣಗಳಿಂದ ಗುರುತಿಸಿದ ಶಂಕಿತರಿಗೆ. ಅಮೆರಿಕ ಅಕ್ಟೋಬರ್ ತನಕ ಕಾಯದೆ ಮೊದಲನೆಯದನ್ನು ಏಪ್ರಿಲ್ 1ರಿಂದಲೇ ಜಾರಿಗೊಳಿಸಿತು. ಭಾರತದಲ್ಲಿ ಕೊರೊನಾ ಸಾವುಗಳನ್ನು ಹೇಗೆ ದಾಖಲಿಸಬೇಕೆಂಬ ಮಾರ್ಗಸೂಚಿ ಸಿದ್ಧವಾದದ್ದು ಬೆಂಗಳೂರಿನಲ್ಲಿರುವ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರದಲ್ಲಿ. ಸಕ್ಕರೆ ಕಾಯಿಲೆ ಇದ್ದವರು ಸೋಂಕು ತಗುಲಿ ಸತ್ತರೆ ಸಾವಿನ ಮೂಲ ಕಾರಣ ಯಾವುದು ಎಂಬ ಪ್ರಶ್ನೆ ಆಗ ಮನೆಮನೆಯ ಚರ್ಚೆಯಾಗಿತ್ತು. ಫಾರ್ ಮತ್ತು ಚಾಡ್ವಿಕ್ ನಡುವಿನ ವಾದವೂ ಬೇರೆಯದಾಗಿರಲಿಲ್ಲ.

ನಮ್ಮ ದೇಶದ ಜನನ ಮರಣ ನೋಂದಣಿ ಕಾಯಿದೆ 1969ರದು. ಮರಣದ ವೈದ್ಯಕೀಯ ಪ್ರಮಾಣಪತ್ರದ ನಮೂನೆ ತಕ್ಷಣದ ಕಾರಣವನ್ನೂ ಅದಕ್ಕೆ ಮೂಲವಾದ ರೋಗವನ್ನೂ ಬೇರೆ ಬೇರೆಯಾಗಿ ಕೇಳುತ್ತದೆ. ಹೃದಯ ನಿಂತಿತು ಎಂದಷ್ಟೇ ಬರೆದರೆ ಅದು ಸಾವಿನ ವರ್ಣನೆಯಾಗುತ್ತದೆಯೇ ಹೊರತು ಕಾರಣವಾಗುವುದಿಲ್ಲ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯಕೀಯವಾಗಿ ಕಾರಣ ದೃಢೀಕರಿಸಲ್ಪಟ್ಟದ್ದು ಶೇ. 22.5 ಮಾತ್ರ. ಉಳಿದವರು ಯಾವ ರೋಗದಿಂದ ತೀರಿಕೊಂಡರೆಂಬುದು ಯಾವ ಪಟ್ಟಿಗೂ ಸೇರಲಿಲ್ಲ. ಸಂಕೇತಗಳ ಸಂಖ್ಯೆ ಸಾವಿರಗಳಲ್ಲಿ ಬೆಳೆದರೂ, ವೈದ್ಯರು ಸಾವಿನ ನಿಜವಾದ ಕಾರಣವನ್ನು ಬರೆದುಕೊಡದಿದ್ದರೆ ಅವು ಖಾಲಿ ಅಂಕಣಗಳಾಗಿಯೇ ಉಳಿಯುತ್ತವೆ. ಫಾರ್ ತಮ್ಮ ಆಯುಷ್ಯದ ಬಹುಪಾಲನ್ನು ಸವೆಸಿದ್ದು ಆ ಅಂಕಣವನ್ನು ತುಂಬಿಸುವುದಕ್ಕಾಗಿ.